ನಮ್ಮ ಸೀಮೆಯ ಕತೆ ನಿನ್ನ ಬಾಯಲ್ಲಿರಲಿ

ಕೊಳ್ಳೇಗಾಲ

ಪ್ರೀತಿಯ ಕೂಸಿಗೆ,

 

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಮನಸ್ಸಿನಲ್ಲೇ ಇದೆ. ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ ಊರು ಕೇಳಿದರೆ ‘ಮೈಸೂರು ಕಡೆ’ ಎಂದು ಸುಮ್ಮನಾಗುತ್ತೀಯಂತೆ. ಚಾಮರಾಜನಗರ ಎಂದರೆ ಸಾಕು, ವೀರಪ್ಪನ್ ಕಾಡೇ ಎನ್ನುತ್ತಾರೆ. ಇಲ್ಲವೇ ಮುಖ್ಯಮಂತ್ರಿ ಕಾಲಿಟ್ಟರೆ ಕುರ್ಚಿ ಹೋಗುವ ಊರಲ್ಲವೇ ಎಂದು ನಗುತ್ತಾರೆ ಎಂದೆ. ನಿನ್ನ ಮೇಲೆ ನನಗೆ ಬೇಸರವಿಲ್ಲ. 1956ರಿಂದ 1997ರವರೆಗೆ ನಾವು ಮೈಸೂರು ಜಿಲ್ಲೆಯವರೇ ಆಗಿದ್ದೆವು. ಆದರೆ ಕೂಸೇ, ವೀರಪ್ಪನ್, ಕುರ್ಚಿ ಎಂಬ ಆ ಎರಡೂ ಹೊರಗಿನವರು ನಮ್ಮ ಮೇಲೆ ಹೊರಿಸಿದ ಕತೆಗಳು. ನಾವೇ ಕಟ್ಟಿ, ಹಾಡಿ, ಬೆಳೆಸಿಕೊಂಡು ಬಂದ ಕತೆಗಳು ಬೇರೆ ಇವೆ.

ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕತೆಯನ್ನೇ ತಗೋ. ಅವನ ಭಕ್ತ ಗಾಯಕರಾದ ದೇವರಗುಡ್ಡರು ಅದನ್ನು ಸಾಲು ಸಾಲಾಗಿ ಹಾಡುತ್ತಾರೆ: ಶ್ರವಣನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ಅಷ್ಟರಲ್ಲೂ ನನಗೆ ಸಂಕಮ್ಮನ ಸಾಲೇ ದೊಡ್ಡದು. ಸೋಲಿಗರ ನೀಲೇಗೌಡ ಜೇನು ಕುಯ್ಯಲು ಕಾಡಿಗೆ ಹೊರಡುವಾಗ ಹೆಂಡತಿಯ ಶೀಲದ ಮೇಲೆ ಅನುಮಾನಪಟ್ಟು ಬಲಗೈ ಭಾಷೆ, ಅಂದರೆ ಆಣೆ, ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಬಡಿದರೂ, ಕಾಡಿನ ನಡುವೆ ಗುಡಿಸಲಿನಲ್ಲಿ ಕೂಡಿಹಾಕಿ ಹೋದರೂ ಕೊಡುವುದಿಲ್ಲ. ಅವಳ ಮೊರೆ ಕೇಳಿ ಮಾದಪ್ಪ ಜಂಗಮನಾಗಿ ಬಂದು ಎರಡು ಗಂಡುಮಕ್ಕಳನ್ನು ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂದು ಅವರ ಹೆಸರು. ಓದು ಬರಹ ಕಾಣದ ಗಾಯಕರು ಈ ಹೆಣ್ಣಿನ ಸಂಕಟವನ್ನು ರಾತ್ರಿಯೆಲ್ಲ ಹಾಡುವಾಗ ಜಗಲಿಯ ಮೇಲೆ ಕುಳಿತ ಗಂಡಸರೂ ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಿದ್ದೇನೆ. ಗಂಡ ಅನುಮಾನಪಟ್ಟಾಗ ದೇವರೇ ಹೆಂಡತಿಯ ಕಡೆ ನಿಂತ ಕತೆ ಇದು. ಇದು ಹುಟ್ಟಿದ ನೆಲದವಳು ನೀನು.

ಈ ದೇವರಗುಡ್ಡರ ಕಲೆಯಲ್ಲಿ ಟಿ.ವಿ.ಯಲ್ಲಿ, ಮೆರವಣಿಗೆಗಳಲ್ಲಿ ನೀನು ನೋಡಿರುವುದು ತಾಳ ಬೀಸುತ್ತ ಕುಣಿಯುವ ಬೀಸು ಕಂಸಾಳೆ. ಅದೂ ಚೆಂದವೇ. ಆದರೆ ಕತೆ ಇರುವುದು ಕುಳಿತು ಹಾಡುವ ಕಡೆ. ಬಟ್ಟಲಿನಂಥ ಕಂಚಿನ ತಾಳ ಎಡಗೈಯ ಅಂಗೈಯಲ್ಲಿ, ಚಪ್ಪಟೆಯದು ಬಲಗೈಯಲ್ಲಿ ಹಿಡಿದ ಉದ್ದನೆಯ ದಾರದ ತುದಿಯಲ್ಲಿ. ಮುಮ್ಮೇಳದವನು ಪದ ಎತ್ತುತ್ತಾನೆ, ಹಿಮ್ಮೇಳದವರು ಸೊಲ್ಲು ಕೊಡುತ್ತಾರೆ, ಏಕತಾರಿ ಮೀಟುತ್ತಾರೆ, ದಮ್ಮಡಿ ಬಡಿಯುತ್ತಾರೆ. ನಡುವೆ ಮುಮ್ಮೇಳದವನು ಹಾಡು ನಿಲ್ಲಿಸಿ ಮಾತಿನಲ್ಲಿ ಕತೆ ಹೇಳುತ್ತಾನೆ, ಮತ್ತೆ ಹಾಡಿಗೆ ಬರುತ್ತಾನೆ. ಐದು ನಿಮಿಷದ ವಿಡಿಯೊಗೆ ಇದು ಸಿಗುವುದಿಲ್ಲ. ಕೂರಬೇಕು.

ಇನ್ನು ನೀಲಗಾರರು ಹಾಡುವ ಮಂಟೇಸ್ವಾಮಿಯ ಕತೆ. ಅವನು ಕುಷ್ಠರೋಗಿಯ ವೇಷದಲ್ಲಿ ಬಸವಣ್ಣನ ಕಲ್ಯಾಣಕ್ಕೆ ಹೋಗುತ್ತಾನೆ. ಬಾಗಿಲಲ್ಲೇ ತಡೆದು ಅವನನ್ನು ತಿಪ್ಪೆಗೆ ನೂಕುತ್ತಾರೆ. ಕೊನೆಗೆ ಬಸವಣ್ಣನೇ ಹುಡುಕಿಕೊಂಡು ಬರಬೇಕಾಗುತ್ತದೆ. ಯೋಚಿಸು ಕೂಸೇ, ಬಸವಣ್ಣನನ್ನು ಎದೆಯಲ್ಲಿಟ್ಟುಕೊಂಡ ಜನವೇ ಅವನ ಕಲ್ಯಾಣವನ್ನೂ ಪರೀಕ್ಷೆಗೆ ಒಡ್ಡಿದರು. ಅಷ್ಟು ಎದೆಗಾರಿಕೆ ನಮ್ಮ ಹಿರೀಕರಿಗಿತ್ತು. ಮುಂದೆ ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗ ಬರುತ್ತದೆ. ಅದನ್ನು ನಾನು ಬರೆಯುವುದಿಲ್ಲ, ನೀನು ಕೇಳಿಯೇ ತಿಳಿಯಬೇಕು.

ನಿನ್ನ ಮಾತಿನ ಧಾಟಿಗೆ ನಗುತ್ತಾರೆ ಎಂದೆಯಲ್ಲ, ಅದು ನನಗೆ ಹೆಚ್ಚು ನೋವು ಕೊಟ್ಟಿತು. ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರು 1984ರಲ್ಲಿ ‘ಕುಸುಮಬಾಲೆ’ ಪ್ರಕಟಿಸಿದ್ದು ನಮ್ಮ ಸೀಮೆಯ ಈ ಆಡುಮಾತಿನಲ್ಲೇ. ಓದಲು ಕಷ್ಟ ಎಂದು ದೂರಿದವರಿದ್ದರು. ಅದಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅಂಥ ಬರಹಕ್ಕೆ ಸಾಕಾದ ಭಾಷೆ ನಿನ್ನ ಆಫೀಸಿನ ಕ್ಯಾಂಟೀನಿಗೆ ಸಾಲದೇ? ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ದನಿ ತಗ್ಗಿಸಬೇಡ.

ನಮ್ಮ ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಸರ್ಕಾರ ಬದಲಾಯಿತು, ಜಿಲ್ಲೆ ಬದಲಾಯಿತು, ಹಾಡು ಮಾತ್ರ ನಿಲ್ಲಲಿಲ್ಲ. ಈಗಲೂ ಗಡಿಯಾಚೆಯ ತಮಿಳುನಾಡಿನಿಂದ ಜನ ಮಾದಪ್ಪನ ಬೆಟ್ಟ ಹತ್ತಿ ಬರುತ್ತಾರೆ.

ಅಭಿಮಾನ ಎಂದು ಬಾಯಲ್ಲಿ ಹೇಳುವುದು ನನಗೆ ರುಚಿಸದು. ಊರ ಹೆಸರಿನ ಸ್ಟಿಕ್ಕರು ಗಾಡಿಗೆ ಅಂಟಿಸಿ, ಒಂದು ಸಾಲೂ ಗೊತ್ತಿಲ್ಲದವರನ್ನು ಬೇಕಾದಷ್ಟು ನೋಡಿದ್ದೇನೆ. ಬೇರೆ ಊರನ್ನು ಹೀಗಳೆಯುವುದೂ ಬೇಡ. ಕರಾವಳಿಯವರಿಗೆ ಪಾಡ್ದನ ಎಂಬ ಹಾಡುಕತೆ ಇದೆ, ಅದನ್ನೂ ಕೇಳು. ನಿನ್ನದನ್ನು ಮಾತ್ರ ಸರಿಯಾಗಿ ತಿಳಿದುಕೋ. ಕನ್ನಡ ವಿಶ್ವವಿದ್ಯಾಲಯ ಮಾದಪ್ಪ, ಮಂಟೇಸ್ವಾಮಿಯರ ಕಾವ್ಯಗಳನ್ನು ಅಚ್ಚು ಹಾಕಿಸಿದೆ; ದಪ್ಪ ಪುಸ್ತಕಗಳು, ಒಂದೊಂದೇ ಸಾಲು ಓದು. ಹಾಡುವವರ ಮಕ್ಕಳು ಈಗ ಬೆಂಗಳೂರಿನಲ್ಲಿ ನಿನ್ನ ಹಾಗೆಯೇ ಕೆಲಸಕ್ಕಿದ್ದಾರೆ. ಅವರು ತಂಬೂರಿ ಹಿಡಿಯಲೇಬೇಕು ಎಂದು ನಾನು ಹೇಳಲಾರೆ. ಆದರೆ ಕೇಳುವವರು ಎದ್ದು ಹೋದರೆ ಹಾಡುವವರು ಯಾರಿಗಾಗಿ ಹಾಡಬೇಕು?

ಬರುವ ಬನದ ಹುಣ್ಣಿಮೆಗೆ ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಜಾತ್ರೆ. ರಜೆ ಹಾಕಿ ಬಾ. ನಗುವ ಗೆಳತಿಯರನ್ನೂ ಕರೆದುಕೊಂಡು ಬಾ, ನಮ್ಮ ಮನೆಯಲ್ಲೇ ಇರಬಹುದು. ಹೊದೆಯಲು ಒಂದು ಕಂಬಳಿ ತನ್ನಿ, ಚಳಿ ಜಾಸ್ತಿ. ಬರುವಷ್ಟರಲ್ಲಿ ಸಂಕಮ್ಮನ ಸಾಲನ್ನು ಓದಿ ಮುಗಿಸಿರು. ದಾರಿಯಲ್ಲಿ ಅವರಿಗೆ ಆ ಕತೆಯನ್ನು ನೀನೇ ಹೇಳಬೇಕು.

ಇಂತಿ ನಿನ್ನ
ದೊಡ್ಡಪ್ಪ