ಸಹಿ ಹಾಕುವ ಮುನ್ನ: ತವರಿನ ಆಸ್ತಿಯಲ್ಲಿ ಮಗಳ ಪಾಲು

ತಂದೆಯ ತಿಥಿ ಮುಗಿದ ಕೆಲವೇ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ತವರಿನಿಂದ ಫೋನ್ ಬರುತ್ತದೆ. ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿರುತ್ತದೆ. ಮದುವೆಯಲ್ಲಿ ಕೊಡಬೇಕಾದ್ದನ್ನೆಲ್ಲ ಕೊಟ್ಟಾಗಿದೆ, ಇನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ತನಗೆ ಯಾವ ಹಕ್ಕೂ ಉಳಿದಿಲ್ಲ ಎಂಬ ಒಕ್ಕಣೆ. ಫೋಟೊ, ಬೆರಳಚ್ಚು, ಸಹಿ. ಕಾಯ್ದೆ ಕೊಟ್ಟದ್ದನ್ನು ಮಗಳು ಕಳೆದುಕೊಳ್ಳುವುದು ಹೆಚ್ಚಾಗಿ ಕೋರ್ಟಿನಲ್ಲಲ್ಲ, ಈ ಮೇಜಿನ ಮುಂದೆ.

ಆ ಪಾಲು ಸುಲಭವಾಗಿ ಬಂದದ್ದೂ ಅಲ್ಲ. ಅಳಿಯಸಂತಾನ ಪದ್ಧತಿಯಿದ್ದ ತುಳುನಾಡಿನ ಮಾತು ಬೇರೆ. ಉಳಿದೆಡೆ ಮನೆತನದ ಭೂಮಿ ಗಂಡುಮಕ್ಕಳದ್ದೇ ಆಗಿತ್ತು. ಮೈಸೂರು ಸಂಸ್ಥಾನ 1933ರಲ್ಲೇ ಮಹಿಳೆಯರ ಹಕ್ಕಿಗೆ ಕಾಯ್ದೆ ತಂದು, ಮದುವೆಯಾಗದ ಮಗಳಿಗೆ ಸಹೋದರನ ಪಾಲಿನ ಕಾಲುಭಾಗ ಕೊಟ್ಟಿತು. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಯಾರ್ಜಿತದಲ್ಲಿ ಮಗಳನ್ನು ಮಗನಿಗೆ ಸಮ ಮಾಡಿತಾದರೂ ಪಿತ್ರಾರ್ಜಿತದ ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. ಅದನ್ನು ಕರ್ನಾಟಕ 1994ರಲ್ಲಿ ತೆರೆಯಿತು, ಆದರೆ 1994ರ ಜುಲೈ 30ಕ್ಕೆ ಮೊದಲೇ ಮದುವೆಯಾದವರನ್ನು ಹೊರಗೇ ನಿಲ್ಲಿಸಿತು. ಒಂದೇ ಮನೆಯ ಅಕ್ಕನಿಗಿಲ್ಲದ ಪಾಲು ತಂಗಿಗೆ! 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಈ ಭೇದವನ್ನೂ ಅಳಿಸಿತು.

ಆಮೇಲೂ ತಕರಾರು ನಿಲ್ಲಲಿಲ್ಲ. ಕರ್ನಾಟಕದ ಒಂದು ಕುಟುಂಬದಲ್ಲಿ ತಂದೆ 2001ರಲ್ಲಿ ತೀರಿಕೊಂಡಿದ್ದರು. 1956ಕ್ಕೆ ಮೊದಲು ಹುಟ್ಟಿದ ಹೆಣ್ಣುಮಕ್ಕಳಿಗೆ ಪಾಲಿಲ್ಲವೆಂದು ಅಣ್ಣನ ಮಗ ದಾವೆ ಹೂಡಿದ. ಕೆಳಗಿನ ಕೋರ್ಟೂ ಹೈಕೋರ್ಟೂ ಹೌದೆಂದವು. 2018ರಲ್ಲಿ ಸುಪ್ರೀಂ ಕೋರ್ಟ್ ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಎಲ್ಲರಿಗೂ ಐದರಲ್ಲೊಂದು ಪಾಲೆಂದಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಉಳಿದ ಗೊಂದಲವನ್ನೂ ಬಗೆಹರಿಸಿತು: ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ.

ಆದರೆ ಮಿತಿಗಳಿವೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಅಥವಾ ಕ್ರಮಬದ್ಧ ಮಾರಾಟವನ್ನು ಈಗ ಕೆದಕಲಾಗದು. "ಬಾಯಿಮಾತಿನಲ್ಲಿ ಆಗಲೇ ಪಾಲಾಗಿದೆ" ಎಂಬ ವಾದವನ್ನು ಮಾತ್ರ ಕೋರ್ಟ್ ಸುಲಭಕ್ಕೆ ಒಪ್ಪುವುದಿಲ್ಲ. ತಂದೆ ಸ್ವಂತ ದುಡಿಮೆಯ ಆಸ್ತಿಯನ್ನು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಇದು ಹಿಂದೂ, ಜೈನ, ಬೌದ್ಧ, ಸಿಖ್ಖರ ಕಾಯ್ದೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳ ಉತ್ತರಾಧಿಕಾರ ನಿಯಮಗಳು ಬೇರೆ.

ಕಾಗದದ ಕೆಲಸ ವಂಶವೃಕ್ಷದಿಂದ ಶುರುವಾಗುತ್ತದೆ. ನಾಡಕಚೇರಿಗೆ ಕೊಡುವ ಅರ್ಜಿಯಲ್ಲಿ ಮದುವೆಯಾಗಿ ಹೋದ ಮಗಳ ಹೆಸರು ಬಿಟ್ಟುಹೋಗುವುದು ಅಪರೂಪವಲ್ಲ, ಮರೆವೂ ಅಲ್ಲ. ಪೌತಿ ಖಾತೆಗೆ ಅರ್ಜಿ ಬಿದ್ದದ್ದು ತಿಳಿದರೆ ನೋಟಿಸಿನ ಅವಧಿಯೊಳಗೆ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಕೂತಿದ್ದರೂ ಗಾಬರಿ ಬೇಡ. ಖಾತೆ ಕಂದಾಯ ವಸೂಲಿಗಿರುವ ದಾಖಲೆ, ಅದರಿಂದ ಒಡೆತನ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಮಾತುಕತೆಯಲ್ಲಿ ಬಗೆಹರಿದರೆ ವಿಭಾಗ ಪತ್ರ ಬರೆಸಿ ನೋಂದಾಯಿಸಬಹುದು. ಇಲ್ಲವಾದರೆ ಸಿವಿಲ್ ಕೋರ್ಟಿನಲ್ಲಿ ಪಾಲುದಾವೆ, ಜೊತೆಗೆ ಆಸ್ತಿ ಮಾರದಂತೆ ತಡೆಯಾಜ್ಞೆಯ ಅರ್ಜಿ. ಕುಟುಂಬದ ಆಸ್ತಿಯಿಂದ ತನ್ನನ್ನು ಹೊರಗಿಟ್ಟದ್ದು ಗೊತ್ತಾದ ಮೇಲೆ 12 ವರ್ಷ ಸುಮ್ಮನಿದ್ದರೆ ದಾವೆ ಕಾಲಮಿತಿಗೆ ಸಿಕ್ಕಿಬೀಳಬಹುದು.

ಪಾಲು ಕೇಳಿದರೆ ತವರು ತಪ್ಪುತ್ತದೆ, ಗೌರಿಹಬ್ಬದ ಬಾಗಿನವೂ ಬರುವುದಿಲ್ಲ ಎಂಬ ಅಂಜಿಕೆ ಸುಳ್ಳಲ್ಲ. ಒಪ್ಪಿ ಬಿಟ್ಟುಕೊಡುವುದು ಅವರವರ ಇಷ್ಟ. ಆದರೆ ನೋಂದಾಯಿತ ಬಿಡುಗಡೆ ಪತ್ರವನ್ನು ರದ್ದುಪಡಿಸಬೇಕಾದರೆ ಮೋಸವನ್ನೋ ಒತ್ತಾಯವನ್ನೋ ಕೋರ್ಟಿನಲ್ಲಿ ಸಾಬೀತುಪಡಿಸಬೇಕು. ಹಾಗಾಗಿ ಸಹಿಗೆ ಮುಂಚೆ ಪತ್ರದ ನಕಲು ಕೇಳಿ ಪಡೆದು ವಕೀಲರಿಗೆ ತೋರಿಸಿ. ಫೀಸಿಗೆ ಹಣವಿಲ್ಲದಿದ್ದರೆ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ; 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.