ಏಪ್ರಿಲ್‌ನಲ್ಲೇ ಕೈಬಿಡಬೇಡಿ

ಅಮೆರಿಕದಲ್ಲಿರುವ ನಮ್ಮ ಮಕ್ಕಳೇ, ಆಫೀಸಿನ ಗೆಳೆಯರು ಕರೆದರೆಂದು ಈ ಸಲ ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ ಸೇರಿದ್ದೀರಾ? ಸಂತೋಷ. ಒಂದು ಮಾತು ಕೇಳಿ. ಮೊದಲ ಎರಡು ವಾರ ಮಿಂಚಲಿಲ್ಲವೆಂದು ಒಳ್ಳೆಯ ಆಟಗಾರನನ್ನು ಬಿಟ್ಟುಬಿಡುವುದು ಹೊಸಬರು ಮಾಡುವ ದೊಡ್ಡ ತಪ್ಪು. ನೀವು ಬಿಟ್ಟವನನ್ನು ಎತ್ತಿಕೊಳ್ಳಲು ಲೀಗಿನ ಹಳಬರು ಕಾದೇ ಇರುತ್ತಾರೆ.

ಮೇಜರ್ ಲೀಗ್‌ನಲ್ಲಿ ಪ್ರತಿ ತಂಡಕ್ಕೂ 162 ಪಂದ್ಯ. ಮಾರ್ಚ್ ಕೊನೆಗೆ ಶುರುವಾದರೆ ಸೆಪ್ಟೆಂಬರ್ ಕೊನೆಯವರೆಗೂ ಆಟ. ಹತ್ತರಲ್ಲಿ ಮೂರು ಸಲ ಹಿಟ್ ಹೊಡೆದವನು ಅಲ್ಲಿ ಉತ್ತಮ ಬ್ಯಾಟರ್. ಅಂಥವನೂ ನಾಲ್ಕು ದಿನ ಸತತವಾಗಿ ಬರಿಗೈಯಲ್ಲಿ ಮರಳುವುದುಂಟು. ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಅದು ಸೋಲಿನಂತೆ ಕಾಣುತ್ತದೆ, ಗಾಬರಿಯಾಗಬೇಡಿ.

ಡ್ರಾಫ್ಟಿಗೆ ಕೂರುವ ಮುನ್ನ ನಿಮ್ಮ ಲೀಗಿನ ಅಂಕದ ನಿಯಮ ಓದಿಕೊಳ್ಳಿ. ಬೇಸ್ ಕದಿಯುವುದಕ್ಕೂ ಸೇವ್‌ಗೂ ಲೆಕ್ಕವಿರುವ ಕಡೆ ಬರೀ ಹೋಮ್ ರನ್ ವೀರರನ್ನು ತುಂಬಿಕೊಂಡರೆ ಸಾಲದು. ನೀವಿರುವ ಊರಿನ ತಂಡದ ಮೇಲೆ ಪ್ರೀತಿಯಿರಲಿ. ಆದರೆ ಆ ಪ್ರೀತಿಗೇ ಮೊದಲ ಸುತ್ತುಗಳನ್ನು ಕಳೆಯಬೇಡಿ. ದಿನಕ್ಕೊಮ್ಮೆ ಗಾಯಾಳುಗಳ ಪಟ್ಟಿ ನೋಡಿ. ಗಾಯಗೊಂಡವನು ನಿಮ್ಮ ಆಡುವ ಪಟ್ಟಿಯಲ್ಲೇ ಉಳಿದರೆ ಆ ಜಾಗಕ್ಕೆ ಅಂಕವೇ ಬರುವುದಿಲ್ಲ.

ಲೀಗಿಗೆ ಹಣ ಕಟ್ಟುವುದಾದರೆ, ಹೋದರೂ ಮನೆಯಲ್ಲಿ ಮಾತು ಬರದಷ್ಟೇ ಕಟ್ಟಿ. ಮೇ ಮುಗಿಯುವವರೆಗೆ ತಾಳ್ಮೆಯಿಂದಿರಿ. ಆಮೇಲೆ ತಂಡ ಕೊನೆಯ ಸ್ಥಾನದಲ್ಲಿದ್ದರೂ ಕೊನೆಯ ವಾರದವರೆಗೂ ಅದನ್ನು ನೋಡಿಕೊಳ್ಳಿ. ಜೊತೆಗೆ ಆಡುವವರಿಗೆ ನೀವು ಕೊಡುವ ಮರ್ಯಾದೆ ಅದು.