ನೆಟ್ಟಗಿನ ಗೋಡೆ, ಸರಿಯುವ ಮಸೂರ

ಎತ್ತರದ ಕಟ್ಟಡವನ್ನು ಹತ್ತಿರದಿಂದ ಚಿತ್ರಿಸಲು ಕ್ಯಾಮರಾವನ್ನು ಮೇಲಕ್ಕೆ ಓರೆಮಾಡಿದರೆ, ಚಿತ್ರದಲ್ಲಿ ಗೋಡೆಗಳು ಒಂದರ ಕಡೆಗೊಂದು ವಾಲುತ್ತವೆ. ಕಾರಣವೇನು? ಒಳಗಿನ ಸೆನ್ಸರ್ ಫಲಕವು ಗೋಡೆಗೆ ಸಮಾನಾಂತರವಾಗಿ ಉಳಿಯದಿರುವುದೇ. ಅತ್ತಿಬೆಲೆಯಲ್ಲಿ ಗಾರೆ ಕೆಲಸ ಮಾಡುವ ನನ್ನ ತಂದೆಯವರು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ನೆಟ್ಟಗೆ ಎಬ್ಬಿಸಿದ ಗೋಡೆಯನ್ನು ಚಿತ್ರವು ಸೊಟ್ಟಗೆ ತೋರಿಸಿದರೆ, ಅದು ದುಡಿದ ಕೈಗೆ ಅನ್ಯಾಯವೆಂದೇ ನನ್ನ ಭಾವನೆ.

ಹಿಂದಿನ ತಿದಿಯ ಕ್ಯಾಮರಾಗಳಲ್ಲಿ ಫಲಕವನ್ನು ನೆಟ್ಟಗಿರಿಸಿ, ಮಸೂರವನ್ನಷ್ಟೇ ಮೇಲಕ್ಕೆ ಸರಿಸಬಹುದಾಗಿತ್ತು, ಬಾಗಿಸಲೂಬಹುದಾಗಿತ್ತು. ಚಿಕ್ಕ ಕ್ಯಾಮರಾಕ್ಕೆ ಈ ಎರಡು ಚಲನೆಗಳನ್ನೂ ಕೂಡಿಸಿದ ಮಸೂರವನ್ನು ಕ್ಯಾನನ್ ಕಂಪನಿಯು 1973ರಲ್ಲಿ ತಂದಿತು. ಡಿಜಿಟಲ್ ಕ್ಯಾಮರಾಕ್ಕೆ ಹೊಂದುವ ಅದರ 17 ಮಿ.ಮೀ. ಮಸೂರವು (2009) 12 ಮಿ.ಮೀ.ವರೆಗೆ ಸರಿಯುತ್ತದೆ, 6.5 ಡಿಗ್ರಿವರೆಗೆ ಬಾಗುತ್ತದೆ. ಬಾಗಿಸಿದಾಗ ಕಾಲಬುಡದ ಇಟ್ಟಿಗೆಯಿಂದ ದೂರದ ಹೆದ್ದಾರಿಯವರೆಗೆ ನೆಲವೆಲ್ಲ ಸ್ಪಷ್ಟವಾಗಿ ಮೂಡುವಂತೆ ಮಾಡಬಹುದು. ಈ ನಿಯಮಕ್ಕೆ ಆಸ್ಟ್ರಿಯದ ಥಿಯೋಡೋರ್ ಶೈಮ್‌ಪ್ಲೂಗನ ಹೆಸರಿದೆ.

ವಿಧಾನ ಸರಳ. ಮುಕ್ಕಾಲಿಯ ಮೇಲಿಟ್ಟ ಕ್ಯಾಮರಾವನ್ನು ರಸಮಟ್ಟದಿಂದ ಸಮಮಾಡಬೇಕು. ಬೆಳಕನ್ನು ಮೊದಲೇ ಅಳೆಯಬೇಕು, ಏಕೆಂದರೆ ಮಸೂರ ಸರಿದ ಮೇಲೆ ಅಳತೆ ತಪ್ಪುತ್ತದೆ. ಬಳಿಕ ಕಟ್ಟಡದ ತುದಿ ಕಾಣುವವರೆಗೆ ಮಸೂರವನ್ನು ಸರಿಸಬೇಕು.

ಇಂಥ ಮಸೂರ ದುಬಾರಿ. ಅದನ್ನು ಕೊಳ್ಳಲಾಗದ ನಮ್ಮಂಥವರು ಇನ್ನಷ್ಟು ಹಿಂದೆ ನಿಂತು, ಕ್ಯಾಮರಾವನ್ನು ಓರೆಮಾಡದೆ ಚಿತ್ರ ತೆಗೆದು, ಕೆಳಗಿನ ಹೆಚ್ಚಿನ ನೆಲವನ್ನು ಕತ್ತರಿಸಬಹುದು. ಚಿತ್ರ ಚಿಕ್ಕದಾದೀತು, ಗೋಡೆ ಮಾತ್ರ ನೆಟ್ಟಗೇ ನಿಲ್ಲುವುದು.